ಬೀಳು ಬಿಟ್ಟ ವರ್ಷ

ರಜೆ ಹಾಕುವುದಕ್ಕೆ ಒಂದು ಅರ್ಜಿ ಸಾಕು. ರಜೆ ಮುಗಿಸಿ ಹಿಂದಿರುಗುವುದಕ್ಕೆ ಧೈರ್ಯ ಬೇಕು. ಒಂದು ದಿನದ ರಜೆಯಾದರೆ ಮೇಜಿನ ಮೇಲಿನ ಧೂಳು ಕೂಡ ಅದನ್ನು ಗಮನಿಸುವುದಿಲ್ಲ. ಬೇಸಗೆಯ ರಜೆಯಾದರೆ ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುವುದರಿಂದ ಸಂಕೋಚವೂ ಹಂಚಿಹೋಗುತ್ತದೆ. ಆದರೆ ಇಡೀ ಒಂದು ವರ್ಷ, ಒಬ್ಬರೇ, ಅದೂ ಸಂಬಳ ಸಮೇತ ರಜೆಯಲ್ಲಿದ್ದು ಮತ್ತೆ ಅದೇ ಬಾಗಿಲಿನಲ್ಲಿ ಕಾಲಿಡುವ ಮನುಷ್ಯನ ಪಾಡು ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದಿಳಿಯುವ ಸೊಸೆಯ ಪಾಡಿಗಿಂತ ನಾಜೂಕಾದದ್ದು. ಸೊಸೆಯ ಕೈಯಲ್ಲಿ ತೋರಿಸುವುದಕ್ಕೆ ಒಂದು ಕೂಸಾದರೂ ಇರುತ್ತದೆ.

ಮೈಸೂರಿನ ಕಾಲೇಜೊಂದರ ಕನ್ನಡ ಮೇಷ್ಟರು 2024ರ ಮಳೆಗಾಲದಲ್ಲಿ ಇಂಥ ಪಾಡಿಗೆ ಒಳಗಾದರು. ವಯಸ್ಸು ಐವತ್ತೆರಡು, ಅಧ್ಯಾಪನಕ್ಕೆ ಸೇರಿ ಇಪ್ಪತ್ತಾರು ವರ್ಷ. ಈ ಅವಧಿಯಲ್ಲಿ ಅವರು ತರಗತಿಗೆ ತಡವಾಗಿ ಹೋದವರಲ್ಲ, ಗಂಟೆ ಹೊಡೆಯುವ ಮೊದಲೇ ಹೊರಗೆ ಬಂದವರೂ ಅಲ್ಲ. ತಮ್ಮ ಪಾಲಿನ ಗಂಟೆಗಳನ್ನು ಮುಗಿಸಿದ್ದಲ್ಲದೆ, ಯಾರೂ ಬೇಡವೆಂದು ಬಿಟ್ಟ ಗಂಟೆಗಳನ್ನೂ ತಾವೇ ಎತ್ತಿಕೊಂಡು ಪಾಠ ಹೇಳಿದವರು. "ನಮ್ಮ ಮೇಷ್ಟರಿಗೆ ಪಾಠವೇ ಊಟ" ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಅವರು ಅದನ್ನು ಹೊಗಳಿಕೆಯೆಂದೇ ತಿಳಿದು ಸಂತೋಷಪಡುತ್ತಿದ್ದರು.

ಅಂಥವರಿಗೆ ಒಂದು ವರ್ಷದ ರಜೆ ದೊರೆತದ್ದು ಯಾರ ಕೃಪೆಯಿಂದಲೂ ಅಲ್ಲ, ನಿಯಮದಿಂದ. ಸಹಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ ಏಳು ವರ್ಷ ದುಡಿದ ಖಾಯಂ ಅಧ್ಯಾಪಕರಿಗೆ ಅಧ್ಯಯನಕ್ಕಾಗಿಯೋ ಸಂಶೋಧನೆಗಾಗಿಯೋ ಸಬ್ಯಾಟಿಕಲ್ ರಜೆ ಕೊಡಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಹೇಳುತ್ತದೆ. ಒಂದು ಸಲಕ್ಕೆ ಒಂದು ವರ್ಷ ಮೀರಬಾರದು. ಇಡೀ ಸೇವೆಯಲ್ಲಿ ಎರಡು ವರ್ಷ ಮೀರಬಾರದು. ಸಂಬಳ ಪೂರ್ತಿ.

ಈ ಏಳರ ಲೆಕ್ಕ ಎಲ್ಲಿಂದ ಬಂತೆಂಬುದನ್ನು ಮೇಷ್ಟರು ಅರ್ಜಿ ಬರೆಯುವಾಗಲೇ ಹುಡುಕಿಟ್ಟುಕೊಂಡಿದ್ದರು. ಪದದ ಮೂಲ ಕೆದಕದೆ ಕನ್ನಡ ಮೇಷ್ಟರಿಗೆ ಅನ್ನ ಇಳಿಯುವುದುಂಟೆ? ಹೀಬ್ರೂ ಭಾಷೆಯಲ್ಲಿ ಶಬ್ಬಾತ್ ಎಂದರೆ ವಿರಾಮ. ಯೆಹೂದ್ಯರ ಧರ್ಮಶಾಸ್ತ್ರದಂತೆ ಆರು ದಿನ ದುಡಿದವನು ಏಳನೆಯ ದಿನ ಸುಮ್ಮನಿರಬೇಕು. ಆರು ವರ್ಷ ಬಿತ್ತಿದ ಹೊಲವನ್ನು ಏಳನೆಯ ವರ್ಷ ಬೀಳು ಬಿಡಬೇಕು. ಇಸ್ರೇಲಿನಲ್ಲಿ ಈ ಕಟ್ಟಳೆಯನ್ನು ಪಾಲಿಸುವವರು ಇಂದಿಗೂ ಇದ್ದಾರೆ. 2021ರಿಂದ 2022ರವರೆಗಿನದು ಅಂಥ ಒಂದು ಏಳನೆಯ ವರ್ಷ. ಹೊಲಕ್ಕಿದ್ದ ಈ ಭಾಗ್ಯ ಮೇಷ್ಟರುಗಳಿಗೆ ಲಭಿಸಿದ್ದು 1880ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿದ್ದ ವಿದ್ವಾಂಸರೊಬ್ಬರನ್ನು ತಮ್ಮಲ್ಲಿಗೆ ಒಲಿಸಿಕೊಳ್ಳಬೇಕಾಗಿತ್ತು. ಏಳು ವರ್ಷಕ್ಕೊಮ್ಮೆ ಅರ್ಧ ಸಂಬಳದ ಮೇಲೆ ಒಂದು ವರ್ಷ ಬಿಡುವು ಕೊಡುತ್ತೇವೆಂದು ಆಸೆ ತೋರಿಸಿದರು. ಆ ವಿದ್ವಾಂಸರು ಚಾರ್ಲ್ಸ್ ಲ್ಯಾನ್‌ಮನ್. ಅವರು ಕಲಿಸುತ್ತಿದ್ದುದು ಸಂಸ್ಕೃತ! ಮುಂದೆ 1889ರಲ್ಲಿ ಅವರು ಭಾರತಕ್ಕೇ ಬಂದು ಹಾರ್ವರ್ಡಿಗಾಗಿ ಹಸ್ತಪ್ರತಿಗಳನ್ನು ಕೊಂಡೊಯ್ದರು. ಹಳೆಯ ಓಲೆಗಳ ಮೋಹವುಳ್ಳ ಒಬ್ಬ ಮೇಷ್ಟರಿಗಾಗಿ ಹುಟ್ಟಿದ ರಜೆಯನ್ನು ತಾವು ಹಾಕುತ್ತಿದ್ದೇವೆಂಬುದು ಮೈಸೂರಿನ ಮೇಷ್ಟರಿಗೆ ಹೆಮ್ಮೆ ತಂದಿತ್ತು. ಅವರು ಹಿಡಿದಿದ್ದ ಕೆಲಸವೂ ಓಲೆಗಳದೇ.

ಮಾನಸಗಂಗೋತ್ರಿಯಲ್ಲಿ 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಓಲೆಗರಿಗಳ ದೊಡ್ಡ ಭಂಡಾರವಿದೆ. ಹದಿನೆಂಟನೆಯ ಶತಮಾನದ ಒಂದು ಸಾಂಗತ್ಯ ಕೃತಿಯನ್ನು ಮೂರು ಪ್ರತಿಗಳಿಂದ ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಶುದ್ಧವಾದ ಆವೃತ್ತಿಯೊಂದನ್ನು ಸಿದ್ಧಪಡಿಸುವುದು ಮೇಷ್ಟರ ಸಂಕಲ್ಪ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು; ಅಲ್ಲಿಂದ ಓಲೆಗಳ ಸನ್ನಿಧಿಗೆ; ಸಂಜೆ ಮನೆಗೆ ಬಂದು ಟಿಪ್ಪಣಿ; ಡಿಸೆಂಬರಿನೊಳಗೆ ಮೂರೂ ಪ್ರತಿಗಳು; ಬೇಸಗೆಯಲ್ಲಿ ಪೀಠಿಕೆ; ಮಳೆಗೆ ಮುನ್ನ ಅಚ್ಚಿಗೆ.

ಆದದ್ದು ಬೇರೆ. ಗಂಡಸು ಮನೆಯಲ್ಲಿ "ರಜೆಯ ಮೇಲಿದ್ದಾನೆ" ಎಂಬ ಸುದ್ದಿ ಹಬ್ಬಿದೊಡನೆ ಅವನು ಸಾರ್ವಜನಿಕ ಸ್ವತ್ತಾಗುತ್ತಾನೆ. ಗ್ಯಾಸ್ ಸಿಲಿಂಡರು ತರುವವನು ಬಂದಾಗ ಬಾಗಿಲು ತೆಗೆಯುವುದು, ಅತ್ತೆಯವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯುವುದು, ಎದುರು ಮನೆಯವರ ಖಾತೆಯ ವಿಚಾರಕ್ಕೆ ಬ್ಯಾಂಕಿಗೆ ಜೊತೆಯಾಗುವುದು, ಷಡ್ಡಕನ ಮಗಳ ಮದುವೆಗೆ ಛತ್ರ ನೋಡುವುದು—ಎಲ್ಲಕ್ಕೂ "ಹೇಗೂ ಮನೇಲೇ ಇದ್ದೀರಲ್ಲ" ಎಂಬುದೇ ಪೀಠಿಕೆ. ಇತ್ತ ಓಲೆಗಳೂ ಆತುರಪಡುವ ಜಾತಿಯವಲ್ಲ. ಪದಗಳ ನಡುವೆ ಬಿಡುವಿಲ್ಲದೆ ಸಾಲುಸಾಲಾಗಿ ಕಂಟದಿಂದ ಕೊರೆದ ಅಕ್ಷರಗಳು. ಮಸಿ ಮಾಸಿದಲ್ಲಿ ಮತ್ತೆ ಮಸಿ ಸವರಬೇಕು. ಹುಳು ತಿಂದಲ್ಲಿ ಊಹಿಸಬೇಕು. ಒಂದು ಗರಿಗೆ ಒಂದು ದಿನ ಹಿಡಿಸಿದ್ದೂ ಉಂಟು. ವರ್ಷ ಮುಗಿಯುವ ಹೊತ್ತಿಗೆ ಎರಡು ಪ್ರತಿಗಳು ಪೂರ್ತಿಯಾಗಿದ್ದವು. ಮೂರನೆಯದು ಬಟ್ಟೆಯ ಕಟ್ಟಿನಲ್ಲೇ ಇತ್ತು.

ಎರಡನೆಯ ಪ್ರತಿಯ ಕೊನೆಯ ಗರಿಯಲ್ಲಿ ಲಿಪಿಕಾರನ ವಿಜ್ಞಾಪನೆಯಿತ್ತು. ಹಳೆಯ ಓಲೆಗಳಲ್ಲಿ ಅದು ಸಾಮಾನ್ಯ: ತನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವುದು. ಮೇಷ್ಟರು ಅದನ್ನು ಓದಿ ಆ ಅಜ್ಞಾತನ ವಿನಯವನ್ನು ಮೆಚ್ಚಿಕೊಂಡು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಆ ವಿನಯ ತಮಗೂ ಬೇಕಾದೀತೆಂದು ಆಗ ಅವರಿಗೆ ತೋರಲಿಲ್ಲ.

ಆ ವರ್ಷದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 2023ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆಯನ್ನು ಖಾಯಂ ಮಾಡಬೇಕೆಂದು ಕೇಳಿ, ತರಗತಿ ಬಿಟ್ಟು ಮುಷ್ಕರ ಹೂಡಿದ್ದರು. ಪತ್ರಿಕೆಯಲ್ಲಿ ಅದರ ಚಿತ್ರ ಬಂದಿತ್ತು. ಮೇಷ್ಟರು ಕಾಫಿ ಕುಡಿಯುತ್ತ ಅದನ್ನು ನೋಡಿ, "ಪಾಪ" ಎಂದು, ಹಾಳೆ ತಿರುಗಿಸಿದರು. ತಮ್ಮ ಕಾಲೇಜಿನಲ್ಲಿ ತಮ್ಮ ತರಗತಿಗಳನ್ನು ಆ ಹೊತ್ತಿನಲ್ಲಿ ಯಾರೋ ನಡೆಸುತ್ತಿರಬೇಕೆಂಬ ವಿಚಾರ ಅವರ ಮನಸ್ಸಿಗೆ ಬರಲೇ ಇಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವಂತೆ, ಮೇಷ್ಟರು ರಜೆ ಹೋದರೆ ಬದಲಿ ಬರುತ್ತಾರೆ. ನೀರು ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ?

ಹಿಂದಿರುಗುವ ದಿನ ಬಂತು. ಮನೆಯಾಕೆ ಬೇಗನೆದ್ದು ಉಪ್ಪಿಟ್ಟು ಮಾಡಿ, ಬುತ್ತಿ ಕಟ್ಟಿ, "ಇನ್ನು ಸಿಲಿಂಡರಿಗೆ ನಾನೇ ಬಾಗಿಲು ತೆಗೀಬೇಕು" ಎಂದು ನಿಟ್ಟುಸಿರಿಟ್ಟರು. ಆ ನಿಟ್ಟುಸಿರಿನಲ್ಲಿ ಅರ್ಧ ವಿಷಾದ, ಅರ್ಧ ನೆಮ್ಮದಿ ಇದ್ದುದನ್ನು ಮೇಷ್ಟರು ಗಮನಿಸದಿರಲಿಲ್ಲ.

ಕಾಲೇಜಿನ ಬಾಗಿಲಿನಲ್ಲಿ ಹಾಜರಿಯ ಯಂತ್ರ. ಮೇಷ್ಟರು ಹೆಬ್ಬೆರಳು ಒತ್ತಿದರು. ಯಂತ್ರ ಗುರುತಿಸಲಿಲ್ಲ. ಒರೆಸಿ ಒತ್ತಿದರು, ಇಲ್ಲ. ಎಡಗೈಯದನ್ನು ಒತ್ತಿದರು, ಅದೂ ಇಲ್ಲ. "ವರ್ಷವೆಲ್ಲ ಓಲೆಗರಿ ತಿರುವಿ ಗೆರೆ ಸವೆದಿರಬೇಕು ಬಿಡಿ ಸಾರ್" ಎಂದು ಹಳೆಯ ಅಟೆಂಡರು ನಕ್ಕು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ. ಮೆಟ್ಟಿಲ ಮೇಲೆ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. 2023ರಲ್ಲಿ ಸೇರಿ ಎರಡನೆಯ ವರ್ಷಕ್ಕೆ ಬಂದಿದ್ದವರು. ಮೇಷ್ಟರನ್ನು ಅವರು ಕಂಡವರೇ ಅಲ್ಲ. ಒಬ್ಬಳು ವಿನಯದಿಂದ ಕೇಳಿದಳು: "ಸರ್, ನೀವು ಹೊಸಾ ಗೆಸ್ಟ್ ಲೆಕ್ಚರರಾ?"

ಇಪ್ಪತ್ತಾರು ವರ್ಷದ ಸೇವೆಗೆ ಒಂದು ವರ್ಷದಲ್ಲಿ ದೊರೆತ ಬಿರುದು! ಮೇಷ್ಟರು ನಕ್ಕರು, ಆದರೆ ಆ ನಗು ಮೆಟ್ಟಿಲು ಹತ್ತಿ ಮುಗಿಯುವಷ್ಟರಲ್ಲಿ ಆರಿಹೋಯಿತು.

ಚಾರ್ಲ್ಸ್ ಲ್ಯಾಂಬ್ ಎಂಬ ಆಂಗ್ಲ ಪ್ರಬಂಧಕಾರ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಮೂವತ್ತಮೂರು ವರ್ಷ ಲೆಕ್ಕ ಬರೆದು 1825ರಲ್ಲಿ ನಿವೃತ್ತನಾದ. ಬಿಡುವು ಸಿಕ್ಕಿದ ಸಂಭ್ರಮವನ್ನು ಬಣ್ಣಿಸಿದ ಪ್ರಬಂಧದಲ್ಲಿಯೇ, ಒಮ್ಮೆ ಹಳೆಯ ಕಚೇರಿಗೆ ಹೋಗಿ ನೋಡಿದಾಗ ತನ್ನ ಮೇಜೂ, ಟೋಪಿ ತೂಗುಹಾಕುತ್ತಿದ್ದ ಗೂಟವೂ ಬೇರೊಬ್ಬನ ಪಾಲಾಗಿದ್ದುದನ್ನು ಕಂಡು ಮನಸ್ಸು ಮುದುಡಿತೆಂದು ಆತ ಹೇಳಿಕೊಂಡಿದ್ದಾನೆ. ಆಗಬೇಕಾದದ್ದೇ ಅದು ಎಂದು ಗೊತ್ತಿದ್ದರೂ ಹಿಡಿಸಲಿಲ್ಲವಂತೆ. ಕನ್ನಡ ವಿಭಾಗದ ಬಾಗಿಲಲ್ಲಿ ನಿಂತಾಗ ಮೇಷ್ಟರಿಗೆ ಆದದ್ದೂ ಅದೇ. ಅವರ ಕುರ್ಚಿಯ ಬೆನ್ನಿಗೆ ಒಂದು ಹಸಿರು ಶಾಲು. ಮೇಜಿನ ಮೇಲೆ ನೀರಿನ ಬಾಟಲಿ, ಅಂದವಾಗಿ ಜೋಡಿಸಿದ ಉತ್ತರಪತ್ರಿಕೆಗಳು, ಒಂದು ಲೋಟದಲ್ಲಿ ನೆಟ್ಟ ಪುದೀನದ ಕಡ್ಡಿ. ಚಿಗುರಿತ್ತು.

ಅವರನ್ನು ಕಂಡು ಥಟ್ಟನೆ ಎದ್ದು ನಿಂತ ಹೆಣ್ಣುಮಗಳಿಗೆ ಮೂವತ್ತೊಂದು ಮೂವತ್ತೆರಡು ಇರಬಹುದು. ಕನ್ನಡ ಎಂ.ಎ. ಮುಗಿಸಿ ಎಂಟು ವರ್ಷದಿಂದ ಇದೇ ವೃತ್ತಿ. ಈ ಕಾಲೇಜು ನಾಲ್ಕನೆಯದು. ದಿನವೂ ನಂಜನಗೂಡಿನಿಂದ ಬಂದು ಹೋಗುವವರು.

"ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಜಾಗ" ಎಂದು ಆಕೆ ಶಾಲನ್ನು ಎಳೆದುಕೊಂಡರು.

"ಇರಲಿ ಕೂತಿರಮ್ಮ" ಎಂದರು ಮೇಷ್ಟರು. ಆದರೆ ಇಬ್ಬರು ಕೂರಲು ಅಲ್ಲಿ ಇದ್ದುದು ಒಂದೇ ಕುರ್ಚಿ. ಇಬ್ಬರೂ ನಿಂತೇ ಮಾತನಾಡಿದರು.

ಆಕೆ ಒಂದೊಂದನ್ನೇ ಒಪ್ಪಿಸಿದರು. ಹಾಜರಿ ಪುಸ್ತಕ; ಆಂತರಿಕ ಅಂಕಗಳ ಪಟ್ಟಿ; ನಾಲ್ಕು ವರ್ಷದ ಪದವಿಯ ಕ್ರಮವನ್ನು ಕೈಬಿಟ್ಟು ಸರಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಬದಲಾದ ಪಠ್ಯದ ಪ್ರತಿ; ಪಾಠ ಎಲ್ಲಿಗೆ ನಿಂತಿದೆಯೆಂಬ ವಿವರ. ಕೊನೆಗೆ, ರಟ್ಟಿನ ಕಡತದಲ್ಲಿ, ಮೇಷ್ಟರದೇ ಹಳೆಯ ಟಿಪ್ಪಣಿಗಳು.

"ನೀವು ಬೀರುವಿನಲ್ಲಿ ಇಟ್ಟು ಹೋಗಿದ್ದು ಸರ್. ಇದನ್ನೇ ಇಟ್ಟುಕೊಂಡು ಪಾಠ ಮಾಡಿದೆ. ಒಂದೆರಡು ಕಡೆ ಪೆನ್ಸಿಲಿನಲ್ಲಿ ಬರೆದಿದ್ದೀನಿ. ತಪ್ಪು ತಿಳೀಬೇಡಿ."

ಮೇಷ್ಟರು ತಿರುವಿ ನೋಡಿದರು. ಶಾಸನಗಳ ಪಾಠದ ಆರಂಭದಲ್ಲಿ ಅವರ ದುಂಡನೆಯ ಅಕ್ಷರದಲ್ಲಿ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ. ಶ. 450, ಕನ್ನಡದ ಮೊಟ್ಟಮೊದಲ ಶಾಸನ ಎಂದಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ: ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣ, ಕಟಾಂಜನದ ಸಿಂಹದ ಮೇಲಿನ ಬರಹ, 2013-14ರ ಉತ್ಖನನದಲ್ಲಿ ದೊರೆತದ್ದು, ಸುಮಾರು ಕ್ರಿ. ಶ. 370 ಎಂದು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅಭಿಪ್ರಾಯ.

ಮೇಷ್ಟರಿಗೆ ತಾಳಗುಂದದ ಸುದ್ದಿ ತಿಳಿಯದ್ದೇನೂ ಅಲ್ಲ. ಪತ್ರಿಕೆಯಲ್ಲಿ ಓದಿದ್ದರು, ಗೆಳೆಯರೊಡನೆ ಚರ್ಚಿಸಿಯೂ ಇದ್ದರು. ಆದರೆ ಓದಿದ್ದು ತಲೆಯಲ್ಲಿತ್ತು, ಹೇಳುತ್ತಿದ್ದುದು ಕಡತದಲ್ಲಿತ್ತು. ವರ್ಷ ವರ್ಷವೂ ಕಡತ ತೆರೆದು, ಅದೇ ವಾಕ್ಯ ಹೇಳಿ, ಅದೇ ಹಾಸ್ಯ ಮಾಡಿ, ಅದೇ ನಗೆ ಪಡೆದು ಬಂದಿದ್ದರು. ಇನ್ನೂರು ವರ್ಷದ ಹಿಂದಿನ ಲಿಪಿಕಾರನ ತಪ್ಪುಗಳನ್ನು ತಿದ್ದಲು ವರ್ಷವೊಂದನ್ನು ಕಳೆದವರ ಬರಹವನ್ನು, ಅವರಿಗೆ ಗೊತ್ತಿಲ್ಲದಂತೆ, ಯಾರೋ ತಿದ್ದಿಕೊಂಡು ಓದಿದ್ದರು. ತಪ್ಪು ತಿಳಿಯಬೇಡಿ ಎಂದು ಬೇಡಿಕೊಂಡದ್ದೂ ತಿದ್ದಿದವರೇ!

"ಚೆನ್ನಾಗಿ ಮಾಡಿದ್ದೀರಮ್ಮ" ಎಂದರು. ಆಮೇಲೆ, ಏನಾದರೂ ಕೇಳಬೇಕಲ್ಲ ಎಂದು ಕೇಳಿದರು: "ಇನ್ನು ಮುಂದೆ?"

"ನೀವು ಬಂದಿರಲ್ಲ ಸರ್. ನನ್ನ ಕಾರ್ಯಭಾರ ಇವತ್ತಿಗೆ ಮುಗೀತು. ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಅರ್ಜಿ ಕೊಟ್ಟಿದ್ದೀನಿ. ಮಕ್ಕಳ ಸಂಖ್ಯೆ ನೋಡಿ ಹೇಳ್ತಾರಂತೆ."

ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ. ರೈಲು ಹೊರಡುವ ಹೊತ್ತನ್ನು ಹೇಳುವವರಂತೆ ಹೇಳಿ, ಪುದೀನದ ಲೋಟವನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಅಲ್ಲಿಯೇ ಬಿಟ್ಟು, ನಮಸ್ಕಾರ ಮಾಡಿ ಹೊರಟರು.

ಆ ರಾತ್ರಿ ಮೇಷ್ಟರಿಗೆ ನಿದ್ರೆ ಬರಲಿಲ್ಲ. "ಹೊಸಾ ಜಾಗವೇನಲ್ಲವಲ್ಲ, ಯಾಕ್ರೀ ಹೊರಳಾಡ್ತೀರಿ?" ಎಂದು ಮನೆಯಾಕೆ ಕೇಳಿದರು. ಮೇಷ್ಟರು ನಡೆದುದನ್ನೆಲ್ಲ ಹೇಳಿದರು. ಆಕೆ ಕೇಳಿ, "ಹಾಗಾದರೆ ನೀವು ಮನೇಲಿದ್ದ ವರ್ಷ ಆ ಹುಡುಗಿ ಮನೇಲಿ ಒಲೆ ಉರೀತಿತ್ತು ಅನ್ನಿ" ಎಂದು, ಮಗ್ಗುಲು ಬದಲಿಸಿ ಮಲಗಿಬಿಟ್ಟರು. ಹೆಂಗಸರಿಗೆ ಅರ್ಥಶಾಸ್ತ್ರ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ.

ಆ ಮಾತು ಮೇಷ್ಟರನ್ನು ಮತ್ತೆ ಏಳನೆಯ ವರ್ಷದ ಹೊಲಕ್ಕೆ ಕರೆದೊಯ್ದಿತು. ಅರ್ಜಿ ಬರೆಯುವಾಗ ಅವರು ಆ ಕಟ್ಟಳೆಯ ಅರ್ಧವನ್ನು ಮಾತ್ರ ಮನಸ್ಸಿಗೆ ತಂದುಕೊಂಡಿದ್ದರು. ಹೊಲವನ್ನು ಬೀಳು ಬಿಡಬೇಕೆಂದು ಹೇಳಿದ ಶಾಸ್ತ್ರ ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಯಾಕೆಂಬುದನ್ನೂ ಹೇಳುತ್ತದೆ. ಆ ವರ್ಷ ಹೊಲದಲ್ಲಿ ತಾನಾಗಿ ಬೆಳೆದದ್ದನ್ನು ಊರಿನ ಬಡವರು ತಿನ್ನಲಿ. ಅವರು ಬಿಟ್ಟುದನ್ನು ಕಾಡಿನ ಪ್ರಾಣಿಗಳು ತಿನ್ನಲಿ ಎಂದು. ವಿರಾಮ ಒಡೆಯನದು, ಫಲ ಮತ್ತೊಬ್ಬರದು. ಅಷ್ಟೇ ಅಲ್ಲ; ಉಳಿದ ಆರು ವರ್ಷವೂ ಕುಯ್ಲಿನಲ್ಲಿ ಹೊಲದ ಅಂಚಿನವರೆಗೆ ಕೊಯ್ಯಬಾರದು, ಬಿದ್ದ ತೆನೆಯನ್ನು ಆಯ್ದುಕೊಳ್ಳಬಾರದು, ಅದು ಬಡವನಿಗೂ ಪರಸ್ಥಳದವನಿಗೂ ಸಲ್ಲಬೇಕು ಎಂಬ ಇನ್ನೊಂದು ವಿಧಿಯೂ ಅಲ್ಲಿ ಇದೆ.

ನಮ್ಮ ನಾಡಿಗೆ ಇದು ಹೊಸ ಮಾತೇನಲ್ಲ. ಕುಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆಗೆ ಕನ್ನಡದಲ್ಲಿ ಹಕ್ಕಲು ಎಂಬ ಅಚ್ಚುಕಟ್ಟಾದ ಹೆಸರೇ ಇದೆ. ಹಕ್ಕಲಾಯ್ದು ಬದುಕುವುದನ್ನು ಸಂಸ್ಕೃತದವರು ಉಂಛವೃತ್ತಿ ಎಂದರು. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಅಂಥ ಒಬ್ಬ ಬ್ರಾಹ್ಮಣನ ಕಥೆ ಬರುತ್ತದೆ. ಬರಗಾಲದಲ್ಲಿ ಆಯ್ದು ತಂದ ಕಾಳಿನ ಹಿಟ್ಟನ್ನು ಅವನ ಸಂಸಾರ ಬಂದ ಅತಿಥಿಗೆ ಒಬ್ಬೊಬ್ಬರಾಗಿ ಬಡಿಸಿಬಿಟ್ಟಿತು. ಅಲ್ಲಿ ಚೆಲ್ಲಿದ ಹಿಟ್ಟಿನ ಸೋಂಕಿಗೆ ಒಂದು ಮುಂಗುಸಿಯ ಅರ್ಧ ಮೈ ಚಿನ್ನವಾಯಿತು. ಉಳಿದರ್ಧವನ್ನು ಚಿನ್ನವಾಗಿಸಿಕೊಳ್ಳಲು ಅದು ಧರ್ಮರಾಯನ ಯಾಗಶಾಲೆಗೆ ಬಂದರೆ, ಅಷ್ಟು ದೊಡ್ಡ ಅಶ್ವಮೇಧದಿಂದ ಅದು ಸಾಧ್ಯವಾಗಲಿಲ್ಲ. ಈ ಕಥೆಯನ್ನು ಮೇಷ್ಟರು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು. ಆ ರಾತ್ರಿ ಅದರಲ್ಲಿ ಹೊಸದೊಂದು ಕಂಡಿತು. ಅಲ್ಲಿ ಹಕ್ಕಲಾಯುವವನು ಅತಿಥಿಗೆ ಬಡಿಸಿದ. ಇಲ್ಲಿ ಹಕ್ಕಲಾಯುವವರಿಗೇ ಅತಿಥಿ ಎಂದು ಹೆಸರಿಟ್ಟು, ಅವರಿಂದಲೇ ಬಡಿಸಿಕೊಂಡು, ಮನೆಯವರು ಬಂದರು ಎಂದು ಎಬ್ಬಿಸಿ ಕಳುಹಿಸುತ್ತೇವೆ. ಉಂಡು ಹೋಗುವವನು ಅತಿಥಿ ಎಂದು ನಿಘಂಟು ತಿಳಿದಿದೆ. ಎಂಟು ವರ್ಷ ಊರೂರು ಅಲೆದು ದುಡಿದರೂ ಅತಿಥಿಯಾಗಿಯೇ ಉಳಿಯುವವರನ್ನು ಅದು ಕಂಡಂತಿಲ್ಲ.

ಮತ್ತೆ ಒಂದು ಯೋಚನೆ ಬಂತು. ಅದು ಮೊದಲಿನದಕ್ಕಿಂತ ಚುಚ್ಚಿತು. ನಿಯಮದ ಪ್ರಕಾರ ಸಹಪ್ರಾಧ್ಯಾಪಕರು ವಾರಕ್ಕೆ ಹದಿನಾಲ್ಕು ಗಂಟೆ ಪಾಠ ಮಾಡಿದರೆ ಸಾಕು. ಮೇಷ್ಟರು ಮಾಡುತ್ತಿದ್ದುದು ಹದಿನೆಂಟು. ಯಾರೂ ಕೇಳಿರಲಿಲ್ಲ; ಶ್ರದ್ಧೆಯಿಂದ ತಾವಾಗಿಯೇ ಮಾಡುತ್ತಿದ್ದರು. ಆ ನಾಲ್ಕು ಗಂಟೆ ಯಾರದೆಂದು ಅವರು ಎಂದೂ ಯೋಚಿಸಿರಲಿಲ್ಲ. ಇಷ್ಟು ವರ್ಷವೂ ಹೊಲದ ಅಂಚಿನವರೆಗೂ ಕುಡುಗೋಲು ಆಡಿಸಿ, ಬಿದ್ದ ತೆನೆಯನ್ನೂ ಬಿಡದೆ ಆಯ್ದು, ಅದನ್ನು ಕರ್ತವ್ಯನಿಷ್ಠೆ ಎಂದು ಕರೆದುಕೊಂಡಿದ್ದರು. ಪಾಠವೇ ಊಟ ಎಂದ ಸಹೋದ್ಯೋಗಿಗಳ ಮಾತು ಈಗ ಬೇರೆಯಾಗಿ ಕೇಳಿಸಿತು. ಊಟವೇನೋ ಹೌದು; ಒಬ್ಬರೇ ಉಣ್ಣುತ್ತಿದ್ದರು.

ಮರುದಿನ ಅವರು ಪ್ರಿನ್ಸಿಪಾಲರ ಕೋಣೆಗೆ ಹೋದರು. ಕೆಲಸವನ್ನು ಕೊಡಿಸುವ ಅಧಿಕಾರ ಅವರಿಗಿರಲಿಲ್ಲ. ಹುದ್ದೆ ಸೃಷ್ಟಿಸುವುದಂತೂ ದೂರದ ಮಾತು. ಕೇಳಿದ್ದು ಇಷ್ಟೆ: "ಈ ಸಲ ನಿಯಮದಂತೆ ಹದಿನಾಲ್ಕು ಗಂಟೆ ಮಾತ್ರ ತೆಗೆದುಕೊಳ್ಳುತ್ತೇನೆ. ಉಳಿದ ನಾಲ್ಕು ಗಂಟೆಗೆ ಅವರನ್ನೇ ಮುಂದುವರಿಸಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ನೋಡಿದರು. "ಏನ್ ಮೇಷ್ಟ್ರೇ, ವರ್ಷ ರಜೆ ಹಾಕಿ ಬಂದು ಇನ್ನೂ ಸುಸ್ತು ಅಂತೀರಾ?"

ಈ ಮಾತು ಬರುತ್ತದೆಂದು ಮೇಷ್ಟರಿಗೆ ಗೊತ್ತಿತ್ತು. ಒಂದೇ ವಾರದಲ್ಲಿ ವಿಭಾಗದಿಂದ ವಿಭಾಗಕ್ಕೆ ಹಬ್ಬುತ್ತದೆಂದೂ ಗೊತ್ತಿತ್ತು. ಇಪ್ಪತ್ತಾರು ವರ್ಷ ಗಳಿಸಿದ್ದ ಹೆಸರಿನ ಒಂದು ಪಾಲು ಆ ಮೇಜಿನ ಮೇಲೆ ಕರಗಿತು. ಅವರು ವಾದಿಸಲಿಲ್ಲ.

"ಹಾಗೇ ತಿಳಿದುಕೊಳ್ಳಿ ಸಾರ್. ಇನ್ನೊಂದು ವಿಷಯ. ಆ ನಾಲ್ಕು ಗಂಟೆಗೆ ಬಿ.ಕಾಂ. ಭಾಷಾ ತರಗತಿ ಬೇಡ. ಐಚ್ಛಿಕ ಕನ್ನಡದವರಿಗೆ ಪಂಪನ ಪಾಠ ಇದೆಯಲ್ಲ, ಅದನ್ನು ಅವರಿಗೆ ಕೊಡಿ. ಬಿ.ಕಾಂ. ನಾನು ನೋಡಿಕೊಳ್ಳುತ್ತೇನೆ."

ಪಂಪ ಮೇಷ್ಟರ ಪಾಠ. ವಿಕ್ರಮಾರ್ಜುನ ವಿಜಯದ ಕರ್ಣನನ್ನು ಅವರ ಬಾಯಲ್ಲಿ ಕೇಳಬೇಕೆಂದು ಬೇರೆ ತರಗತಿಯವರೂ ಬಂದು ಕೂರುತ್ತಿದ್ದ ಕಾಲವಿತ್ತು. ಬಿ.ಕಾಂ. ತರಗತಿಯೆಂದರೆ ಎಂಬತ್ತು ಮಂದಿ, ಮಧ್ಯಾಹ್ನದ ಬಿಸಿಲು, ಕನ್ನಡ ಮುಗಿದರೆ ಸಾಕೆಂಬ ಮುಖಗಳು. ಪ್ರಿನ್ಸಿಪಾಲರು ಮತ್ತೊಮ್ಮೆ ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ. ಖರ್ಚಿನ ಮಾತು ತೆಗೆದು, ಎರಡು ದಿನ ಕಾಯಿಸಿ, ಕೊನೆಗೆ ಸಹಿ ಹಾಕಿದರು.

ಸುದ್ದಿ ಕೇಳಿದ ಹೆಣ್ಣುಮಗಳು ಕುಣಿದಾಡಲಿಲ್ಲ. ನಾಲ್ಕು ಗಂಟೆಯ ಸಂಭಾವನೆ ಎಷ್ಟೆಂಬುದು ಮೇಷ್ಟರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ದೂರವಾಣಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಎರಡು ದಿನದಲ್ಲಿ ಹೊಂದಿಸಿಕೊಟ್ಟರೆ ಬರ್ತೀನಿ ಸರ್. ಬಸ್ಸು ಹೇಗೂ ಪುಕ್ಕಟೆ. ಮಿಕ್ಕ ದಿನಕ್ಕೆ ಬೇರೆ ಎಲ್ಲಾದರೂ ನೋಡ್ಕೋತೀನಿ." 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಕೇಳದೆ ಇದ್ದುದರಿಂದ ನಂಜನಗೂಡಿನ ನಾಲ್ಕು ಗಂಟೆಯ ಪಾಠವೂ ಲೆಕ್ಕಕ್ಕೆ ಕೂಡಿತು, ಇಲ್ಲದಿದ್ದರೆ ಹಕ್ಕಲಿನಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗುತ್ತಿತ್ತು.

ಬಟ್ಟೆಯ ಕಟ್ಟಿನಲ್ಲಿ ಉಳಿದಿದ್ದ ಮೂರನೆಯ ಪ್ರತಿಯ ವಿಚಾರವನ್ನೂ ಮೇಷ್ಟರು ಪ್ರಸ್ತಾಪಿಸಿದರು. ಜೊತೆಯಲ್ಲಿ ಓದಿ ಹೋಲಿಸಿದರೆ ಸಂಪಾದಕರೆಂದು ಇಬ್ಬರ ಹೆಸರೂ ಪುಸ್ತಕದ ಮೇಲೆ ಬರುತ್ತದೆ ಎಂದರು. "ನೋಡೋಣ ಸರ್. ಶನಿವಾರ ಭಾನುವಾರ ಮನೆಪಾಠ ಇರುತ್ತೆ" ಎಂದು ಉತ್ತರ ಬಂತು. ಓಲೆಯ ಮೋಹವೂ ಹೊಟ್ಟೆ ತುಂಬಿದವರ ಮೋಹವೆಂಬುದು ಮೇಷ್ಟರಿಗೆ ಅಂದು ತಿಳಿಯಿತು. ಆದರೂ ಆಕೆ "ಇಲ್ಲ" ಎನ್ನಲಿಲ್ಲ, "ನೋಡೋಣ" ಎಂದಿದ್ದರು.

ಈಗ "ರಜೆಯಲ್ಲಿ ಏನು ಬರೆದಿರಿ?" ಎಂದು ಕೇಳುವವರಿಗೆ ತೋರಿಸಲು ಮೇಷ್ಟರ ಕೈಯಲ್ಲಿ ಪುಸ್ತಕವಿರಲಿಲ್ಲ. ಮೊದಲ ದಿನಗಳಲ್ಲಿ ಆ ಪ್ರಶ್ನೆಗೆ ಹೆದರಿ ಕ್ಯಾಂಟೀನಿಗೆ ಹೋಗುವುದನ್ನೇ ತಪ್ಪಿಸುತ್ತಿದ್ದರು. ಎರಡನೆಯ ವಾರದಿಂದ "ಬರೆಯುವುದು ಇನ್ನೂ ಇದೆ, ತಿದ್ದುವುದು ಶುರುವಾಗಿದೆ" ಎಂದು ಹೇಳಿ ಕಾಫಿ ಕುಡಿಯತೊಡಗಿದರು.

ಒಂದು ಗುರುವಾರ ಮಧ್ಯಾಹ್ನ ಅವರು ಬಿ.ಕಾಂ. ತರಗತಿಯಲ್ಲಿದ್ದರು. ಕನ್ನಡದ ಪ್ರಾಚೀನತೆಯ ಮಾತು ಬಂತು. ಮೇಷ್ಟರು ಕಡತ ತೆರೆಯಲಿಲ್ಲ. ಹಲ್ಮಿಡಿಯ ಹೆಸರು ಹೇಳಿ, ಬಳಿಕ ತಾ‌ಳಗುಂದದ ಸಿಂಹದ ಕಥೆ ಹೇಳಿ, "ನಾನು ಬಹಳ ವರ್ಷ ಇದನ್ನು ಹಳೆಯ ರೀತಿಯಲ್ಲೇ ಹೇಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿರುವ ಮೇಡಂ ತಿದ್ದಿದರು" ಎಂದರು. ಹಿಂದಿನ ಬೆಂಚಿನಲ್ಲಿ ನಿದ್ರಿಸುತ್ತಿದ್ದವನೊಬ್ಬ ತಲೆಯೆತ್ತಿದ. ಮೇಷ್ಟರು ತಪ್ಪು ಒಪ್ಪಿಕೊಳ್ಳುವುದನ್ನು ಅವನು ಹಿಂದೆ ಕಂಡಿರಲಿಲ್ಲವೆಂದು ಕಾಣುತ್ತದೆ.

ಪಕ್ಕದ ಕೋಣೆಯಿಂದ ಪಂಪನ ಪದ್ಯ ಕೇಳುತ್ತಿತ್ತು. ಮೇಷ್ಟರು ನಿಲ್ಲಿಸುತ್ತಿದ್ದ ಕಡೆ ಆಕೆ ನಿಲ್ಲಿಸಲಿಲ್ಲ. ಅವರು ಓಡುತ್ತಿದ್ದ ಕಡೆ ನಿಂತರು. ಅದೂ ಒಂದು ಪಾಠಾಂತರ. ಮೇಷ್ಟರು ಒಂದು ಕ್ಷಣ ಕಿವಿಗೊಟ್ಟು, ಬಾಗಿಲನ್ನು ಮುಚ್ಚದೆ ಹಾಗೆಯೇ ಬಿಟ್ಟು, ಎಂಬತ್ತು ಮುಖಗಳ ಕಡೆಗೆ ತಿರುಗಿದರು.

ಸಂಜೆ ಹೊರಡುವಾಗ ಅಭ್ಯಾಸಬಲದಿಂದ ಹಾಜರಿಯ ಯಂತ್ರಕ್ಕೆ ಹೆಬ್ಬೆರಳು ಒತ್ತಿದರು. ಅದು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು.